ಮೂರು ತಿಂಗಳು ಬಳಸಿದ ಯೂಸರ್ ಟೆಸ್ಟಿಂಗ್ ಸೇವೆ: ರೆಕಾರ್ಡಿಂಗ್‌ಗೆ ಪೂರ್ತಿ ಮಾರ್ಕ್ಸ್, ರಿಪೋರ್ಟ್‌ಗೆ ಜಸ್ಟ್ ಪಾಸ್

ಐದಕ್ಕೆ ಮೂರೂವರೆ ಸ್ಟಾರ್. ಉಳಿದ ಒಂದೂವರೆ ಯಾಕೆ ಕಡಿದೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದೊಂದು ಆನ್‌ಲೈನ್ ಯೂಸರ್ ಟೆಸ್ಟಿಂಗ್ ಸೇವೆ. ಹೆಸರು ಹಾಕುತ್ತಿಲ್ಲ. ನನ್ನ ದೂರುಗಳಲ್ಲಿ ಮುಕ್ಕಾಲು ಪಾಲು ಈ ಥರದ ಬೇರೆ ಸೇವೆಗಳಿಗೂ ಹೊಂದುತ್ತವೆ ಅನ್ನುವುದು ನನ್ನ ಅನುಮಾನ, ಒಬ್ಬರನ್ನೇ ಹಿಡಿದು ಬಯ್ಯುವುದು ಸರಿಯಲ್ಲ. ಕೆಲಸ ಇಷ್ಟೇ. ನೀವು ಮಾಡುತ್ತಿರುವ ಆ್ಯಪ್‌ನ ಮಾದರಿಯನ್ನು ಅಲ್ಲಿಗೆ ಅಪ್‌ಲೋಡ್ ಮಾಡುತ್ತೀರಿ. ಒಂದಕ್ಕೊಂದು ಲಿಂಕ್ ಹಾಕಿದ ಬರೀ ಚಿತ್ರಗಳಾದರೂ ನಡೆಯುತ್ತದೆ. ಬಳಸುವವರು ಏನೇನು ಮಾಡಬೇಕು ಅಂತ ನಾಲ್ಕೈದು ಟಾಸ್ಕ್ ಬರೆಯುತ್ತೀರಿ, ಎಂಥ ಜನ ಬೇಕು ಅಂತ ಹೇಳುತ್ತೀರಿ. ಅವರ ಪಟ್ಟಿಯಲ್ಲಿರುವ ಜನ ತಮ್ಮ ಮನೆಯಲ್ಲಿ ಕೂತು, ತಮ್ಮದೇ ಫೋನಿನಲ್ಲಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಅದನ್ನು ಬಳಸುತ್ತಾರೆ. ಸ್ಕ್ರೀನು, ದನಿ, ಒಪ್ಪಿದರೆ ಮುಖ ಕೂಡ ರೆಕಾರ್ಡ್ ಆಗಿ ನಿಮಗೆ ಬರುತ್ತದೆ. ಜೊತೆಗೆ ಆಡಿದ ಮಾತಿನ ಬರಹ, ತಾನೇ ತಯಾರಾಗುವ ಸಾರಾಂಶ, ಒಂದು ಸ್ಕೋರು, ಬಣ್ಣಬಣ್ಣದ ಡ್ಯಾಶ್‌ಬೋರ್ಡು.

ಯೋಚನೆಯನ್ನು ಬಾಯಿಬಿಟ್ಟು ಹೇಳಿಸುವ ಈ ಪದ್ಧತಿ ಹೊಸದೇನಲ್ಲ. ಐಬಿಎಂನ ಕ್ಲೇಟನ್ ಲೂಯಿಸ್ 1982ರಲ್ಲೇ ಇದನ್ನು ಕಂಪ್ಯೂಟರ್ ಸ್ಕ್ರೀನುಗಳ ಪರೀಕ್ಷೆಗೆ ತಂದಿದ್ದರು. ಆಗ ಒಂದು ಕೋಣೆ, ಕ್ಯಾಮೆರಾ, ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಎಲ್ಲ ಬೇಕಿತ್ತು. ಈಗ ಒಂದು ಲಿಂಕ್ ಸಾಕು.

ನಾವು ನಾಲ್ಕು ಜನ. ಮಾತ್ರೆ ನೆನಪಿಸುವ ಒಂದು ಆ್ಯಪ್ ಮಾಡಲು ಹೊರಟಿದ್ದೆವು. ಐಡಿಯಾ ನಿಮಗೆ ಗೊತ್ತಿರುವಂಥದ್ದೇ: ಜನ ಮಾತ್ರೆ ತೆಗೆದುಕೊಳ್ಳಲು ಮರೆಯುತ್ತಾರೆ, ಆ್ಯಪ್ ಅಲಾರಂ ಹೊಡೆಯುತ್ತದೆ, ಮರೆವು ಮಾಯ. ಒಂಬತ್ತು ಸ್ಕ್ರೀನ್‌ಗಳನ್ನು ಫಿಗ್ಮಾ ಅನ್ನುವ ಡಿಸೈನ್ ಟೂಲಿನಲ್ಲಿ ಬಿಡಿಸಿಕೊಂಡಿದ್ದೆವು. ಜನರಿಗೆ ತೋರಿಸುವ ತನಕ ಒಂದು ಸಾಲು ಕೋಡೂ ಬರೆಯಬಾರದು ಅಂತ ಮಾತಾಗಿತ್ತು. ನಮ್ಮ ಡೆವಲಪರ್‌ಗೆ ಕೈ ಸುಮ್ಮನಿರಲಿಲ್ಲ, ಯಾರಿಗೂ ಹೇಳದೆ ಅಲಾರಂ ಭಾಗವನ್ನು ಬರೆದು ಮುಗಿಸಿಬಿಟ್ಟಿದ್ದ. ಮೂರು ವಾರದ ಕೆಲಸ. ಅದು ಮುಂದೆ ಬರುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ವೇಗ. ಮಂಗಳವಾರ ಸಂಜೆ ಟೆಸ್ಟ್ ಹಾಕಿ ಮಲಗಿದೆ. ಬುಧವಾರ ಬೆಳಗ್ಗೆ ಐದು ರೆಕಾರ್ಡಿಂಗ್ ಬಂದು ಕೂತಿದ್ದವು. ಹಿಂದಿನ ಕಂಪನಿಯಲ್ಲಿ ಐದು ಜನರನ್ನು ಹುಡುಕಿ, ಸಮಯ ಕೇಳಿ, ಅವರು ಬಾರದೆ, ಮತ್ತೆ ಫೋನ್ ಮಾಡಿ ಎರಡು ವಾರ ಕಳೆಯುತ್ತಿತ್ತು. ಕೊನೆಗೆ ಬೇಸತ್ತು ಆಫೀಸಿನ ಪಕ್ಕದ ಮೇಜಿನವರನ್ನೇ ಕೂರಿಸಿ ಟೆಸ್ಟ್ ಆಯ್ತು ಅಂತ ಬರೆದುಕೊಳ್ಳುತ್ತಿದ್ದೆವು. ಆ ಲೆಕ್ಕದಲ್ಲಿ ಇದು ದೊಡ್ಡ ಉಪಕಾರ.

ಐದೇ ಯಾಕೆ ಅಂತ ಕೇಳಬಹುದು. ಸೇವೆಯವರು ಪ್ಲಾನ್‌ಗಳ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದಾರೆ, 5 ಜನ ಸಾಕು, 85 ಶೇಕಡಾ ಸಮಸ್ಯೆಗಳು ಸಿಗುತ್ತವೆ ಅಂತ. ಇದು ಯೂಸರ್ ಟೆಸ್ಟಿಂಗ್ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕ. ಒಂದು ಸಮಸ್ಯೆ ಒಬ್ಬ ಬಳಕೆದಾರನಿಗೆ ಎದುರಾಗುವ ಸಾಧ್ಯತೆ ಸರಾಸರಿ 31 ಶೇಕಡಾ ಅಂತ ಹಿಡಿದರೆ, 3 ಜನರಲ್ಲಿ ಸುಮಾರು 67, 5 ಜನರಲ್ಲಿ ಸುಮಾರು 84 ಶೇಕಡಾ ಸಮಸ್ಯೆ ಒಂದು ಸಲವಾದರೂ ಕಣ್ಣಿಗೆ ಬೀಳುತ್ತದೆ. ಲೆಕ್ಕ ಸರಿಯಾಗೇ ಇದೆ. ಆದರೆ ಅದೆಲ್ಲ ನಿಂತಿರುವುದು ಆ 31ರ ಮೇಲೆ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ತೊಂದರೆಯಾದರೆ 5 ಜನರಲ್ಲಿ ಅದು ಕಾಣುವ ಸಾಧ್ಯತೆ 41 ಶೇಕಡಾ, ಅಂದರೆ ನಾಣ್ಯ ಚಿಮ್ಮಿದ್ದಕ್ಕಿಂತ ಕಡಿಮೆ. ಆ್ಯಪ್ ಹಾಡು ಕೇಳುವುದಕ್ಕಾದರೆ ಹೋಗಲಿ ಅನ್ನಬಹುದು, ಮಾತ್ರೆಯ ವಿಷಯದಲ್ಲಿ ಹತ್ತರಲ್ಲಿ ಒಬ್ಬರು ಅಂದರೆ ಸಣ್ಣ ಮಾತಲ್ಲ. ಸೇವೆಯವರ ಪುಟದಲ್ಲಿ ಈ ಭಾಗ ಇಲ್ಲ. ನೀಲ್ಸನ್ ಹೇಳಿದ್ದು ಐದು ಜನರಲ್ಲಿ ನೋಡಿ, ಸರಿಮಾಡಿ, ಮತ್ತೆ ಐದು ಜನರಲ್ಲಿ ನೋಡಿ ಅಂತ. ಐದಕ್ಕೆ ಮುಗಿಸಿ ಎದ್ದುಹೋಗಿ ಅಂತಲ್ಲ.

ಮೊದಲ ಸುತ್ತಿನಲ್ಲಿ ನಮಗೆ 14 ತೊಂದರೆ ಸಿಕ್ಕವು. ಕೀಬೋರ್ಡ್ ಮೇಲೆ ಬಂದಾಗ ಉಳಿಸುವ ಬಟನ್ ಅದರ ಅಡಿಗೆ ಹೋಗುತ್ತಿತ್ತು. ಬೆಳಗ್ಗೆ ಮತ್ತು ಸಂಜೆ ಎರಡಕ್ಕೂ ಹಾಕಿದ್ದ ಸೂರ್ಯನ ಚಿತ್ರ ಒಂದೇ ಥರ ಕಾಣುತ್ತಿತ್ತು. 24 ಗಂಟೆಯ ಗಡಿಯಾರದಲ್ಲಿ ಒಬ್ಬರು ರಾತ್ರಿ 8ರ ಬದಲು ಬೆಳಗ್ಗೆ 8 ಇಟ್ಟರು, ಅದು ಅವರಿಗೆ ಕೊನೆಯ ತನಕ ಗೊತ್ತೇ ಆಗಲಿಲ್ಲ. 'ಡೋಸ್' ಅಂತ ಕೇಳಿದ ಕಡೆ ಒಬ್ಬರು ಮಾತ್ರೆಗಳ ಎಣಿಕೆ ಹಾಕಿದರು, ಇನ್ನೊಬ್ಬರು ಮಿಲಿಗ್ರಾಂ ಹಾಕಿದರು. ಎಲ್ಲವನ್ನೂ ಒಂದು ಮಧ್ಯಾಹ್ನದಲ್ಲಿ ಸರಿಮಾಡಿದೆವು. ಚಿತ್ರ ತಾನೇ, ಎಳೆದು ಆಚೆ ಇಟ್ಟರೆ ಆಯ್ತು. ಕೋಡ್ ಬರೆದ ಮೇಲೆ ಇದೇ ಡೋಸ್ ಗೊಂದಲ ಸಿಕ್ಕಿದ್ದರೆ ಡೇಟಾಬೇಸ್ ತನಕ ಕೈ ಹಾಕಬೇಕಿತ್ತು. ಇಷ್ಟಕ್ಕೇ ಕೊಟ್ಟ ದುಡ್ಡು ವಸೂಲಾಯ್ತು ಅಂತ ಅವತ್ತು ಅನ್ನಿಸಿತ್ತು.

ಇನ್ನು ಜನರನ್ನು ಆರಿಸುವ ವಿಷಯ. ಇಲ್ಲಿ ನನಗೆ ಸಿಟ್ಟಿದೆ.

ಸೇವೆಯ ರೆಡಿಮೇಡ್ ಫಾರ್ಮ್‌ನಲ್ಲಿ ಪ್ರಶ್ನೆ ಹೀಗಿರುತ್ತದೆ: 'ನೀವು ದಿನಾ ಮಾತ್ರೆ ತೆಗೆದುಕೊಳ್ಳುತ್ತೀರಾ? ಹೌದು, ಇಲ್ಲ.' ಟೆಸ್ಟ್ ಮಾಡಿದರೆ ದುಡ್ಡು ಸಿಗುತ್ತದೆ, ಇಲ್ಲ ಅಂದರೆ ಸಿಗುವುದಿಲ್ಲ. ಯಾರು ಇಲ್ಲ ಅನ್ನುತ್ತಾರೆ ಹೇಳಿ? ಮೊದಲ ಐದರಲ್ಲಿ ಇಬ್ಬರು ಮಾತ್ರೆ ತೆಗೆದುಕೊಳ್ಳುವವರೇ ಆಗಿರಲಿಲ್ಲ. ಒಬ್ಬರಂತೂ 'ನಿಮ್ಮ ಮಾತ್ರೆಯ ಹೆಸರು ಹಾಕಿ' ಅಂದ ಕಡೆ ಹತ್ತು ಸೆಕೆಂಡ್ ತಡವರಿಸಿ ತಲೆನೋವಿನ ಮಾತ್ರೆಯ ಹೆಸರು ಹಾಕಿದರು. ದೂರು ಕೊಟ್ಟ ಮೇಲೆ ಆ ಇಬ್ಬರ ಬದಲು ಬೇರೆ ಇಬ್ಬರನ್ನು ಪುಕ್ಕಟೆ ಕಳಿಸಿದರು, ಅದಕ್ಕೆ ಥ್ಯಾಂಕ್ಸ್. ಆದರೆ ತಪ್ಪು ಫಾರ್ಮ್‌ನಲ್ಲೇ ಇದೆ. ಯಾವ ಉತ್ತರ ಹೇಳಿದರೆ ಆಯ್ಕೆಯಾಗುತ್ತೇವೆ ಅಂತ ಗೊತ್ತಾಗದ ಹಾಗೆ ಕೇಳಬೇಕು. ಆಮೇಲೆ ನಾನು ಹೀಗೆ ಬದಲಾಯಿಸಿದೆ: 'ಕಳೆದ ಏಳು ದಿನದಲ್ಲಿ ಇವುಗಳಲ್ಲಿ ಯಾವುದನ್ನು ಮಾಡಿದ್ದೀರಿ?' ಅದರ ಕೆಳಗೆ ಏಳು ಸಾಲು. ಆಟ ಆಡಿದ್ದು, ಬಿಲ್ ಕಟ್ಟಿದ್ದು, ವಾಕಿಂಗ್ ಹೋಗಿದ್ದು, ನಡುವೆ ಎಲ್ಲೋ ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಂಡಿದ್ದು. ಜೊತೆಗೆ ಯಾರೂ ಮಾಡಿರಲಾಗದ ಒಂದು ಸಾಲು, ಇಲ್ಲದ ಒಂದು ಆ್ಯಪ್‌ನ ಹೆಸರು ಕಟ್ಟಿ ಅದನ್ನು ಬಳಸಿದ್ದೀರಾ ಅಂತ. ಅದಕ್ಕೂ ಟಿಕ್ ಹಾಕಿದವರನ್ನು ಕೈಬಿಟ್ಟೆ. ಎರಡನೇ ಸುತ್ತಿನಲ್ಲಿ ಬಂದ ಆರೂ ಜನ ಸರಿಯಾದವರೇ ಸಿಕ್ಕರು. ಇಂಥ ಪ್ರಶ್ನೆ ಹಾಕುವ ಅವಕಾಶ ಸೇವೆಯಲ್ಲೇ ಇದೆ, ಆದರೆ ಮೂರು ಮೆನು ಒಳಗೆ ಹುದುಗಿದೆ. ಬೇರೆಯವರ ಆ್ಯಪ್‌ನಲ್ಲಿ ಜನ ಎಲ್ಲಿ ಎಡವುತ್ತಾರೆ ಅಂತ ಹುಡುಕಿಕೊಡುವ ಕಂಪನಿ ಇದು. ತಮ್ಮ ಫಾರ್ಮನ್ನು ಇವರು ಯಾರ ಕೈಗೂ ಕೊಟ್ಟು ನೋಡಿಲ್ಲವಾ?

ಇನ್ನೊಂದು ಕಿರಿಕಿರಿ, ಟೆಸ್ಟ್ ಮಾಡುವುದನ್ನೇ ಕಸುಬು ಮಾಡಿಕೊಂಡವರು. ಒಬ್ಬರು ಶುರುವಿನಲ್ಲೇ ಇದು ಇವತ್ತಿನ ನಾಲ್ಕನೇ ಟೆಸ್ಟ್ ಅಂದರು. ಇವರಿಗೆ ಎಲ್ಲಿ ಒತ್ತಬೇಕು ಅಂತ ಕೈಗೇ ಗೊತ್ತು. ಒಂದು ಕ್ಷಣ ಬಿಡದೆ ಮಾತಾಡುತ್ತಾರೆ, ಬಣ್ಣ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ, ನೀಟಾಗಿದೆ. ಕೇಳಲು ಖುಷಿ, ಉಪಯೋಗ ಸೊನ್ನೆ. ಅಳುಕುತ್ತಾ, ಕನ್ನಡಕ ಮೇಲೆ ಕೆಳಗೆ ಮಾಡುತ್ತಾ, 'ಇದನ್ನ ಒತ್ತಿದ್ರೆ ಏನಾಗುತ್ತೋ' ಅಂತ ಗೊಣಗುವ ಒಬ್ಬರು ಸಿಕ್ಕರೆ ಆ ಕಸುಬಿನವರು ಐವರಿಗೆ ಸಮ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಎರಡನೇ ಸುತ್ತಿನ ಸಾರಾಂಶ ಓದಿದರೆ ಹಬ್ಬ. ಆರರಲ್ಲಿ ಆರೂ ಜನ ಅಲಾರಂ ಇಟ್ಟಿದ್ದಾರೆ. ಎಲ್ಲ ಹಸಿರು. ನಾನು ಆ ಪುಟವನ್ನು ಟೀಮಿಗೆ ಕಳಿಸಿ, ಇನ್ನು ಕೋಡ್ ಶುರುಮಾಡೋಣ ಅಂತ ಬರೆದೂ ಆಗಿತ್ತು. ಒಂದು ರೆಕಾರ್ಡಿಂಗ್‌ನಲ್ಲಿ ಮಾತಿನ ಬರಹ ಅರ್ಧಕ್ಕೆ ನಿಂತಿತ್ತು. ಸುಮಾರು ಒಂದು ನಿಮಿಷ ಬರೀ ಚುಕ್ಕಿಗಳು. ದುಡ್ಡು ಕೊಟ್ಟಿದ್ದೇವೆ, ದೂರು ಕೊಡೋಣ ಅಂತ ಆ ಜಾಗದ ವಿಡಿಯೋ ತೆಗೆದೆ.

ಸುಮಾರು ಅರವತ್ತರ ಹೆಂಗಸು. ರಾತ್ರಿ ಮಾತ್ರೆಗೆ ಅಲಾರಂ ಇಡಿ ಅನ್ನುವ ಟಾಸ್ಕನ್ನು ನಲವತ್ತು ಸೆಕೆಂಡಿನಲ್ಲಿ, ಒಂದೂ ತಪ್ಪಿಲ್ಲದೆ ಮುಗಿಸಿದರು. ಆಮೇಲೆ ಫೋನ್ ಕೆಳಗಿಟ್ಟು ಪಕ್ಕಕ್ಕೆ ತಿರುಗಿದರು. ಬರಹ ಕಡಿದುಹೋದದ್ದು ಅದಕ್ಕೇ, ಮೈಕ್‌ನಿಂದ ದೂರ ಹೋಗಿದ್ದರು. ದನಿ ಜಾಸ್ತಿ ಮಾಡಿಕೊಂಡು ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟು: 'ಅಲಾರಂ ಯಾಕಪ್ಪಾ, ಊಟ ಆದ್ಮೇಲೆ ತಾನಾಗೇ ನೆನಪಾಗುತ್ತೆ. ತಗೊಂಡ್ನೋ ಇಲ್ವೋ ಅನ್ನೋದೇ ಗೊತ್ತಾಗಲ್ಲ.' ಆಮೇಲೆ ಡ್ರಾಯರ್‌ನಿಂದ ಒಂದು ಮಾತ್ರೆಯ ಸ್ಟ್ರಿಪ್ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಅದರ ಬೆನ್ನ ಮೇಲೆ ಪ್ರತಿ ಮಾತ್ರೆಯ ಹಿಂದೆ ಪೆನ್ನಿನಲ್ಲಿ ತಾರೀಕು ಬರೆದಿತ್ತು. ಇವತ್ತಿನ ತಾರೀಕಿನ ಗುಳಿ ಖಾಲಿ ಇದ್ದರೆ ತೆಗೆದುಕೊಂಡಾಗಿದೆ ಅಂತ ಲೆಕ್ಕ.

ನಾವು ಒಂಬತ್ತು ಸ್ಕ್ರೀನ್ ಬಿಡಿಸಿ ಮುಟ್ಟದ ಸಮಸ್ಯೆಯನ್ನು ಅವರು ಒಂದು ಪೆನ್ನಿನಲ್ಲಿ ಪರಿಹರಿಸಿಕೊಂಡಿದ್ದರು.

ಆ ರೆಕಾರ್ಡಿಂಗ್‌ಗೆ ಸಾರಾಂಶ ಏನು ಬರೆದಿತ್ತು ಗೊತ್ತಾ? 'ಟಾಸ್ಕ್ ಯಶಸ್ವಿ. ಅಲಾರಂ ಇಡುವುದು ಸುಲಭವಾಗಿತ್ತು. ಭಾವನೆ: ಸಕಾರಾತ್ಮಕ.' ಒಂದಕ್ಷರ ಸುಳ್ಳಿಲ್ಲ.

ಅವತ್ತು ರಾತ್ರಿ ಕೂತು ಹನ್ನೊಂದೂ ರೆಕಾರ್ಡಿಂಗ್‌ಗಳನ್ನು ಮೊದಲಿನಿಂದ ನೋಡಿದೆ. ಈ ಸಲ ಟಾಸ್ಕ್ ಬಿಟ್ಟು, ಟಾಸ್ಕ್‌ಗಳ ನಡುವಿನ ಜಾಗ ನೋಡಿದೆ. ಇನ್ನೂ ಮೂರು ಕಡೆ ಅದೇ ಮಾತು ಬೇರೆ ರೂಪದಲ್ಲಿ ಇತ್ತು. ಒಬ್ಬರು, ಅಲಾರಂ ಹೊಡೆದರೆ ಮೊದಲು ಆಫ್ ಮಾಡ್ತೀನಿ, ಆಮೇಲೆ ಎದ್ದು ಹೋಗ್ತೀನಿ, ನಡುವೆ ಯಾರಾದರೂ ಕರೆದರೆ ಮುಗೀತು ಅಂದು ನಕ್ಕಿದ್ದರು. ನಾನು ಮೊದಲ ಸಲ ನೋಡಿದಾಗ ಅದನ್ನು ತಮಾಷೆ ಅಂದುಕೊಂಡು ದಾಟಿಹೋಗಿದ್ದೆ. ಇನ್ನೊಬ್ಬರು 'ತೆಗೆದುಕೊಂಡೆ' ಬಟನ್ ಒತ್ತುವ ಮುಂಚೆ ಬೆರಳನ್ನು ಹಾಗೇ ಮೇಲೆ ಹಿಡಿದು ನಿಂತಿದ್ದರು, ಎಣಿಸಿದೆ, ಹನ್ನೊಂದು ಸೆಕೆಂಡ್. ಮಾತಿಲ್ಲ. ಮಾತಿಲ್ಲದ್ದರಿಂದ ಬರಹದಲ್ಲಿ ಏನೂ ಇಲ್ಲ, ಬರಹದಲ್ಲಿ ಇಲ್ಲದ್ದರಿಂದ ಸಾರಾಂಶದಲ್ಲೂ ಇಲ್ಲ. ಮೂರನೆಯವರು, ಡೌಟ್ ಬಂದರೆ ಇನ್ನೊಂದು ನುಂಗಿಬಿಡ್ತೀನಿ ಅಂದಿದ್ದರು. ಕೆಲವು ಮಾತ್ರೆಗಳಲ್ಲಿ ಅದು ನಿಜಕ್ಕೂ ಅಪಾಯ.

ಮರೆವು ಮಾತ್ರೆ ತೆಗೆದುಕೊಳ್ಳುವ ಮುಂಚೆ ಇರುತ್ತದೆ ಅಂತ ನಾವು ನಂಬಿದ್ದೆವು. ಇವರಿಗೆ ಅದು ತೆಗೆದುಕೊಂಡ ಮೇಲೆ. ಡೆವಲಪರ್‌ನ ಮೂರು ವಾರದ ಅಲಾರಂ ಪಕ್ಕಕ್ಕೆ ಹೋಯ್ತು. ಎರಡು ದಿನ ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ತಡವಾಗಿ ಸಿಕ್ಕ ತಪ್ಪನ್ನು ತಿದ್ದಲು ನೂರು ಪಟ್ಟು ಖರ್ಚು ಅಂತ ಈ ಸೇವೆಗಳ ಪುಟಗಳಲ್ಲೆಲ್ಲ ಬರೆದಿರುತ್ತದೆ. ನಮ್ಮ ಲೆಕ್ಕ ಅಷ್ಟು ದೊಡ್ಡದಲ್ಲ. ಮೂರು ವಾರದ ಕೋಡ್ ಹೋಯ್ತು, ಉಳಿದ ಐದು ತಿಂಗಳ ಪ್ಲಾನ್ ಇನ್ನೂ ಕಾಗದದ ಮೇಲಿತ್ತು, ಬಚಾವಾಯ್ತು.

ಸ್ಕೋರ್ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಬಳಕೆದಾರರಿಗೆ 10 ವಾಕ್ಯ ಕೊಟ್ಟು ಒಪ್ಪುತ್ತೀರಾ ಅಂತ ಕೇಳುತ್ತಾರೆ. ಒಂದು ಬಿಟ್ಟು ಒಂದು ಹೊಗಳಿಕೆ, ತೆಗಳಿಕೆ. ಇದನ್ನು 1986ರಲ್ಲಿ ಜಾನ್ ಬ್ರೂಕ್ ಅನ್ನುವವರು ಮಾಡಿದ್ದು, ಸಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅಂತ ಕರೆಯುತ್ತಾರೆ. 0ಯಿಂದ 100ರ ನಡುವೆ ಒಂದು ಅಂಕಿ ಬರುತ್ತದೆ. ನೋಡಲು ಶೇಕಡಾ ಥರ ಕಾಣುತ್ತದೆ, ಶೇಕಡಾ ಅಲ್ಲ. ಸರಾಸರಿ 68ರ ಆಸುಪಾಸು. ನಮ್ಮ ಅಲಾರಂ ಆ್ಯಪ್‌ಗೆ 81 ಬಂತು. ಅಂದರೆ ಬಳಸಲು ಸುಲಭ ಅಂತ ಜನರಿಗೆ ಅನ್ನಿಸಿದೆ. ಸುಲಭವಾಗೇ ಇತ್ತು. ಬೇಕಾ ಅಂತ ಆ ಹತ್ತು ವಾಕ್ಯಗಳು ನೇರವಾಗಿ ಅಳೆಯುವುದಿಲ್ಲ, ಅದು ಅವುಗಳ ಕೆಲಸವೂ ಅಲ್ಲ. ಬ್ರೂಕ್ ಅವರನ್ನು ದೂರುವುದಿಲ್ಲ. ದೂರುವುದು ಆ 81ನ್ನು ದೊಡ್ಡ ಹಸಿರು ವೃತ್ತದೊಳಗೆ ಹಾಕಿ ಪುಟದ ನೆತ್ತಿಯ ಮೇಲೆ ಕೂರಿಸಿದವರನ್ನು, ಅದೂ ಐದಾರು ಜನರ ಉತ್ತರ ಹಿಡಿದುಕೊಂಡು. ಅದನ್ನು ನೋಡಿದ ಮೇಲೆ ಯಾರಿಗೆ ಕೆಳಗಿಳಿದು ವಿಡಿಯೋ ನೋಡುವ ಮನಸ್ಸಾಗುತ್ತದೆ? ನನಗಂತೂ ಆಗಿರಲಿಲ್ಲ.

ಕೇಳಿದರೆ ಸಿಗುವುದು ಬೇರೆ, ನೋಡಿದರೆ ಸಿಗುವುದು ಬೇರೆ. ಇದಕ್ಕೆ ನನಗೆ ಇಷ್ಟವಾದ ಹಳೆಯ ಕಥೆ ಒಂದಿದೆ. ಎರಡನೇ ಮಹಾಯುದ್ಧ ಮುಗಿದ ವರ್ಷಗಳಲ್ಲಿ ತಾಮ್ರಕ್ಕೆ ಬರ. ಟೆಲಿಫೋನ್ ವೈರು ಆಗ ಸುಮಾರು ಮೂರಡಿ ಇತ್ತು, ಅದನ್ನು ಮೊಟಕು ಮಾಡಬಹುದಾ ಅನ್ನುವ ಪ್ರಶ್ನೆ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಮುಂದೆ ಬಂತು. ಅವರ ತಂಡದವರು ಯಾರನ್ನೂ ಕೇಳಲಿಲ್ಲ. ಮೂರು ದಿನಕ್ಕೊಮ್ಮೆ ಸಹೋದ್ಯೋಗಿಗಳ ಕೋಣೆಗೆ ಕಳ್ಳರ ಹಾಗೆ ನುಗ್ಗಿ ವೈರನ್ನು ಒಂದೊಂದು ಇಂಚು ಕಡಿಮೆ ಮಾಡುತ್ತಾ ಬಂದರು. ಪೂರ್ತಿ ಒಂದಡಿ ಹೋಗುವ ತನಕ ಯಾರಿಗೂ ಗೊತ್ತಾಗಲಿಲ್ಲ. ಮೊದಲೇ ಕೇಳಿದ್ದರೆ ಎಲ್ಲರೂ ಬೇಡ ಅನ್ನುತ್ತಿದ್ದರು, ಅಲ್ವಾ? ಕೇಳುವುದರಿಂದ ಇಲ್ಲದ ಸಮಸ್ಯೆಗಳೂ ಹುಟ್ಟುತ್ತವೆ. ನಮ್ಮಲ್ಲಿ ಏಳು ಜನ ಡಾರ್ಕ್ ಮೋಡ್ ಬೇಕು ಅಂದರು, ಅವರಲ್ಲಿ ಒಬ್ಬರೂ ಅದಿಲ್ಲದೆ ಎಲ್ಲೂ ತಡವರಿಸಿದ್ದು ಕಾಣಲಿಲ್ಲ.

ಸೇವೆಯಲ್ಲಿ ಲೈವ್ ಸೆಷನ್ ಕೂಡ ಇದೆ, ವಿಡಿಯೋ ಕಾಲ್‌ನಲ್ಲಿ ನೀವೇ ಮಾತಾಡಿಸಬಹುದು. ಟೀಮಿನವರು ಕಾಣದ ಹಾಗೆ ಹಿಂದೆ ಕೂತು ನೋಡಬಹುದು. ಈ ವ್ಯವಸ್ಥೆ ಚೆನ್ನಾಗಿದೆ, ಒಂದೂ ಸಲ ಕೈಕೊಡಲಿಲ್ಲ. ಕೈಕೊಟ್ಟದ್ದು ನಾನು. ಮೊದಲ ಕಾಲ್‌ನ ರೆಕಾರ್ಡಿಂಗ್ ಕೇಳಿ ನನಗೇ ನಾಚಿಕೆಯಾಯ್ತು. 'ಇದು ಸುಲಭವಾಗಿದೆ ಅಲ್ವಾ?' ಅಂತ ನಾನೇ ಕೇಳಿದ್ದೇನೆ. ಅವರು ಯೋಚಿಸುತ್ತಿದ್ದಾಗ ಬಾಯಿ ಹಾಕಿ, ಆ ನೀಲಿ ಬಟನ್ ನೋಡಿ ಅಂದಿದ್ದೇನೆ. ಎರಡನೆಯದರಿಂದ ಬಾಯಿಗೆ ಬೀಗ ಹಾಕಿಕೊಂಡು, ಮನಸ್ಸಿನಲ್ಲೇ ಹತ್ತು ಎಣಿಸುವುದು ಕಲಿತೆ. ಪ್ರಶ್ನೆಗಳನ್ನೂ ಬದಲಾಯಿಸಿದೆ. ಇಂಥ ಆ್ಯಪ್ ಬಂದರೆ ಬಳಸುತ್ತೀರಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಮುಖದ ಮೇಲೆ ಯಾರು ಇಲ್ಲ ಅಂದಾರು. ಕೊನೆಯ ಸಲ ಮಾತ್ರೆ ತಪ್ಪಿದ್ದು ಯಾವತ್ತು, ಅವತ್ತು ಏನಾಯ್ತು ಹೇಳಿ ಅಂದರೆ ಕಥೆ ಬರುತ್ತದೆ. ಬಂಧುಗಳು ಬಂದಿದ್ದರು, ಕರೆಂಟ್ ಹೋಗಿತ್ತು, ಸ್ಟ್ರಿಪ್ ಇನ್ನೊಂದು ಬ್ಯಾಗಿನಲ್ಲಿತ್ತು. ನಮಗೆ ಬೇಕಾದ ಸಮಸ್ಯೆಗಳೆಲ್ಲ ಆ ಕಥೆಗಳ ಒಳಗೇ ಇದ್ದವು. ಸೇವೆಯವರ ರೆಡಿಮೇಡ್ ಪ್ರಶ್ನೆಗಳಲ್ಲಿ ಮಾತ್ರ ಮುಕ್ಕಾಲು ಭಾಗ 'ಬಳಸುತ್ತೀರಾ', 'ಇಷ್ಟವಾಯಿತಾ' ಇಂಥವೇ. ಎಲ್ಲ ಅಳಿಸಿ ನೀವೇ ಬರೆದುಕೊಳ್ಳಿ.

ಇವರಿಂದ ಆಗದ ಕೆಲಸ ಒಂದಿದೆ. ಸ್ಕ್ರೀನ್ ಇಲ್ಲದ್ದನ್ನು, ಹತ್ತು ನಿಮಿಷಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ಟೆಸ್ಟ್ ಮಾಡಲು ಇದು ಒಗ್ಗುವುದಿಲ್ಲ. ಪಾಮ್ ಪೈಲಟ್ ಅನ್ನುವ ಜೇಬಿನ ಪುಟ್ಟ ಕಂಪ್ಯೂಟರ್ ಮಾಡುವ ಮುಂಚೆ ಜೆಫ್ ಹಾಕಿನ್ಸ್ ಅಂಗಿಯ ಜೇಬಿಗೆ ಸರಿಹೋಗುವ ಒಂದು ಮರದ ತುಂಡು ಇಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಮೀಟಿಂಗ್‌ಗೆ ದಿನ ಕೇಳಿದರೆ ಅದನ್ನು ತೆಗೆದು, ಕಡ್ಡಿಯಲ್ಲಿ ಒತ್ತುವ ಹಾಗೆ ನಟಿಸುತ್ತಿದ್ದರು. ಜೇಬಿನಲ್ಲಿ ಭಾರವಾಗುತ್ತದಾ, ದಿನಕ್ಕೆ ಎಷ್ಟು ಸಲ ಕೈ ಅದರ ಕಡೆ ಹೋಗುತ್ತದೆ, ಇದು ತಿಳಿಯಲು ಹಾಗೆ ದಿನಗಟ್ಟಲೆ ಜೊತೆಗಿಟ್ಟುಕೊಂಡೇ ನೋಡಬೇಕು. ನಮ್ಮ ಪ್ರಶ್ನೆಯೂ ಅಂಥದ್ದೇ: ಮಾತ್ರೆ ತೆಗೆದುಕೊಂಡ ಮೇಲೆ ಜನ ಫೋನಿನಲ್ಲಿ ಗುರುತು ಹಾಕುತ್ತಾರಾ? ಒಂದು ದಿನ ಹಾಕುತ್ತಾರೆ, ಹತ್ತನೇ ದಿನ? ಸೇವೆಯಲ್ಲಿ ಜನ ದಿನದಿನದ ಅನುಭವ ಬರೆದು ಕಳಿಸುವ ಡೈರಿ ಅನ್ನುವ ಸೌಲಭ್ಯ ಇದೆಯಂತೆ, ಆದರೆ ಅದು ಎಲ್ಲಕ್ಕಿಂತ ಮೇಲಿನ ಪ್ಲಾನ್‌ನವರಿಗೆ ಮಾತ್ರ. ಅವರ ಪಟ್ಟಿಯ ಜನರನ್ನು ಹೊರಗೆ ನೇರವಾಗಿ ಮಾತಾಡಿಸಲೂ ನಿಯಮ ಬಿಡುವುದಿಲ್ಲ, ಆ ನಿಯಮ ಒಪ್ಪತಕ್ಕದ್ದೇ.

ಕೊನೆಗೆ ನಾವೇ ಮಾಡಿದೆವು. ಪರಿಚಯದವರ ಪರಿಚಯದವರು ಎಂಟು ಜನ. ನೇರ ಪರಿಚಯದವರನ್ನು ಬೇಕಂತಲೇ ಬಿಟ್ಟೆವು, ಅವರು ನಮ್ಮ ಮುಖ ನೋಡಿ ಹೊಗಳುತ್ತಾರೆ. ಹತ್ತು ದಿನ, ಆ್ಯಪ್ ಇಲ್ಲವೇ ಇಲ್ಲ. ಅವರು ಮಾತ್ರೆ ತೆಗೆದುಕೊಂಡಾಗ ಒಂದು ಮೆಸೇಜ್ ಹಾಕಬೇಕು. 'ನಾನು ತಗೊಂಡ್ನಾ?' ಅಂತ ಕೇಳಿದರೆ ನಮ್ಮಲ್ಲಿ ಒಬ್ಬರು, ಯಂತ್ರದ ಹಾಗೆ, ಹೌದು ಇಷ್ಟು ಗಂಟೆಗೆ ಅಂತ ಉತ್ತರ ಕೊಡಬೇಕು. 1980ರ ದಶಕದ ಶುರುವಿನಲ್ಲಿ ಐಬಿಎಂನಲ್ಲಿ ಜಾನ್ ಗೌಲ್ಡ್ ತಂಡ ಮಾತು ಕೇಳಿ ಟೈಪ್ ಮಾಡುವ ಯಂತ್ರವನ್ನು ಹೀಗೇ ಪರೀಕ್ಷಿಸಿತ್ತು. ಜನ ಮಾತಾಡುತ್ತಿದ್ದರು, ಪದಗಳು ಸ್ಕ್ರೀನಿನಲ್ಲಿ ಮೂಡುತ್ತಿದ್ದವು. ನಿಜದಲ್ಲಿ ಬೇರೆ ಕೋಣೆಯಲ್ಲಿ ಒಬ್ಬರು ಕೂತು ಟೈಪ್ ಮಾಡುತ್ತಿದ್ದರು. ನಮ್ಮದು ಅದರ ಬಡ ರೂಪ. ನಾವು ಮಾತ್ರ ಮೊದಲೇ ಹೇಳಿದ್ದೆವು, ಈ ಕಡೆ ಇರುವುದು ಮನುಷ್ಯರು, ನಮ್ಮ ಉತ್ತರ ನಂಬಿ ಮಾತ್ರೆ ತೆಗೆದುಕೊಳ್ಳುವುದೋ ಬಿಡುವುದೋ ಮಾಡಬೇಡಿ ಅಂತ.

ಸಿಕ್ಕಿದ್ದು ಜಾಸ್ತಿಯೇ. ನಾಲ್ಕನೇ ದಿನಕ್ಕೆ ಮೂರು ಜನ ಬರೆಯುವುದನ್ನು ಬಿಟ್ಟು ಖಾಲಿ ಸ್ಟ್ರಿಪ್‌ನ ಫೋಟೋ ಕಳಿಸಲು ಶುರುಮಾಡಿದರು, ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬರು ತಮ್ಮ ಬಗ್ಗೆ ಒಂದು ಸಲವೂ ಕೇಳಲಿಲ್ಲ, ದಿನಾ ಕೇಳುತ್ತಿದ್ದದ್ದು ತಮ್ಮ ತಾಯಿ ತೆಗೆದುಕೊಂಡರಾ ಅಂತ. 'ತಗೊಂಡ್ನಾ' ಅನ್ನುವ ಪ್ರಶ್ನೆ ಮಾತ್ರೆಯ ಹೊತ್ತಿಗೆ ಬರುತ್ತಿರಲಿಲ್ಲ, ಗಂಟೆ ಎರಡು ಗಂಟೆ ಬಿಟ್ಟು, ಹೆಚ್ಚಾಗಿ ಮಲಗುವ ಮುಂಚೆ ಬರುತ್ತಿತ್ತು. ಇದಕ್ಕೆ ಸೇವೆಯವರಿಗೆ ಮಾರ್ಕ್ಸ್ ಕೊಡಲಾರೆ. ಆದರೆ ಆ ಅರವತ್ತರ ಹೆಂಗಸಿನ ವಿಡಿಯೋ ಅವರ ಮೂಲಕ ಬರದಿದ್ದರೆ ನಾವು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅದಕ್ಕೆ ಅರ್ಧ ಸ್ಟಾರ್ ವಾಪಸ್ ಹಾಕಿದ್ದೇನೆ.

ಖಾಸಗಿತನದ ವಿಷಯದಲ್ಲಿ ಹುಷಾರಾಗಿರಿ. ಜನ ನಂಬಿಕೆಯಿಂದ ತಮ್ಮ ಮನೆಯೊಳಗೆ ಕ್ಯಾಮೆರಾ ತೆರೆಯುತ್ತಾರೆ. ಒಂದು ರೆಕಾರ್ಡಿಂಗ್‌ನಲ್ಲಿ ವೈದ್ಯರ ಚೀಟಿಯೇ ಕಂಡಿತು, ಹೆಸರು, ಕಾಯಿಲೆ ಎಲ್ಲ ಓದುವ ಹಾಗೆ. ಮಸುಕು ಮಾಡುವ ಸೌಲಭ್ಯ ಇದೆ, ಆದರೆ ಕೈಯಾರೆ ಒಂದೊಂದು ಕಡೆ ಮಾಡಬೇಕು. ಪೂರ್ತಿ ಅಳಿಸಿ ಅಂತ ಬರೆದರೆ ನಾಲ್ಕು ದಿನ ತೆಗೆದುಕೊಂಡರು. ಇಷ್ಟು ದಿನದ ನಂತರ ತಾನೇ ಅಳಿಸಿಹೋಗಲಿ ಅನ್ನುವ ಸೆಟ್ಟಿಂಗ್ ಕೂಡ ಇದೆ, ಶುರುವಿನಲ್ಲಿ ಅದು ಆಫ್ ಇರುತ್ತದೆ. ಮೊದಲ ದಿನವೇ ಹೋಗಿ ಆನ್ ಮಾಡಿ. ಪೂರ್ತಿ ಒಂದು ಸ್ಟಾರ್ ಕಡಿದದ್ದು ಇದಕ್ಕೆ.

ಸಪೋರ್ಟ್‌ನವರು ಉಳಿದ ವಿಷಯಗಳಿಗೆ ಬೇಗ ಉತ್ತರ ಕೊಡುತ್ತಾರೆ. ಮಾತಿನ ಬರಹ ಒಂದೇ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರೆ ಓಕೆ, ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಏನೇನೋ ಬರೆಯುತ್ತದೆ. ಇನ್‌ವಾಯ್ಸ್, ಲಾಗಿನ್ ಇತ್ಯಾದಿ ತೊಂದರೆಯಿಲ್ಲ.

ಯಾರಿಗೆ ಬೇಕು ಇದು? ಸ್ಕ್ರೀನ್‌ಗಳು ಕೈಯಲ್ಲಿದ್ದು, ಕೋಡ್ ಇನ್ನೂ ಶುರುವಾಗಿಲ್ಲದವರಿಗೆ ಖಂಡಿತ ಬೇಕು. ಆದರೆ ರೆಕಾರ್ಡಿಂಗ್ ನೋಡಲು ಟೀಮಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಸಾರಾಂಶ ಓದಿಕೊಳ್ಳುತ್ತೇವೆ ಅನ್ನುವುದಾದರೆ ದುಡ್ಡು ಉಳಿಸಿಕೊಳ್ಳಿ. ಇನ್ನೂ ಏನು ಮಾಡಬೇಕು ಅಂತಲೇ ಗೊತ್ತಿಲ್ಲದ ಹಂತದಲ್ಲಿದ್ದರೆ ಇದು ಬೇಡ, ಸುಮ್ನೆ ಆರು ಜನರನ್ನು ಕೂರಿಸಿಕೊಂಡು ಕಥೆ ಕೇಳಿ.

ನಾವು ತಿಂಗಳ ಪ್ಲಾನ್ ನಿಲ್ಲಿಸಿ ಟೆಸ್ಟ್‌ಗೆ ಇಷ್ಟು ಅಂತ ಕೊಡುವ ಪ್ಲಾನ್‌ಗೆ ಇಳಿದಿದ್ದೇವೆ. ಹೊಸ ಮಾದರಿಯಲ್ಲಿ ಒಂದೇ ಸ್ಕ್ರೀನ್ ಇದೆ. ಇವತ್ತಿನ ಮಾತ್ರೆಗಳು, ಪ್ರತಿಯೊಂದರ ಪಕ್ಕ 'ಆಯ್ತು, 9 ಗಂಟೆ 10ಕ್ಕೆ' ಅಥವಾ 'ಇನ್ನೂ ಇಲ್ಲ' ಅಂತ ದೊಡ್ಡಕ್ಷರ. ಕಳೆದ ವಾರದ ಸುತ್ತಿನಲ್ಲಿ ಐವರಲ್ಲಿ ನಾಲ್ವರು ನೋಡಿದ ಕೂಡಲೇ ಅರ್ಥಮಾಡಿಕೊಂಡರು. ರೆಕಾರ್ಡಿಂಗ್‌ಗಳನ್ನು ಈಗ ಮೊದಲು ನೋಡುವುದು ಡೆವಲಪರ್, ಐದನೆಯದನ್ನು ನನಗೆ ಕಳಿಸಿದವನೂ ಅವನೇ. ಅದರಲ್ಲಿ ಒಬ್ಬರು ಬಟನ್ ಒತ್ತಿ, ಸ್ಕ್ರೀನನ್ನೇ ನೋಡುತ್ತಾ, 'ಅಯ್ಯೋ, ಕೈತಪ್ಪಿ ಒತ್ತಿಬಿಟ್ಟಿದ್ರೆ?' ಅಂತ ಕೇಳುತ್ತಾರೆ. ವಾಪಸ್ ತೆಗೆದುಕೊಳ್ಳುವ ದಾರಿಯನ್ನು ನಾವು ಇಟ್ಟೇ ಇರಲಿಲ್ಲ. ನಾಳೆ ಕೂತು ಅದನ್ನು ಬಿಡಿಸಬೇಕು.